ಏಳನೇ ನಂಬರಿನ ಆರು ಬೋಲ್ಟು

ಮಾರ್ಚ್ ೩, ಸೋಮವಾರ

ಬಿಪಿ ೧೫೪/೯೪.

ಈ ಪುಸ್ತಕ ಕೊಟ್ಟವಳು ಅಕ್ಕ. ದಿನಾ ಬಿಪಿ ನೋಡಿ ಇದರಲ್ಲಿ ಬರೆಯಬೇಕಂತೆ. ಮೂವತ್ತಾರು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳಿಗೆ ಮನೆಯಲ್ಲಿ ಸಿಕ್ಕಿರುವ ಒಬ್ಬನೇ ರೋಗಿ ನಾನು. ಎರಡು ಸಂಖ್ಯೆ ಬರೆದು ಇಡೀ ಪುಟ ಖಾಲಿ ಬಿಡುವುದೆಂದರೆ ನನಗೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಉಳಿದ ಜಾಗದಲ್ಲಿ ಬಿಪಿ ಯಾಕೆ ಏರಿತು ಎಂಬುದನ್ನೂ ಬರೆಯುತ್ತೇನೆ. ಅಕ್ಕ ಓದುವುದಿಲ್ಲ. ನನ್ನ ಅಕ್ಷರ ನೋಡಿದರೆ ಅವಳಿಗೇ ಬಿಪಿ ಏರುತ್ತದಂತೆ.

ಇವತ್ತು ಏರಿದ್ದು ಬೋಲ್ಟಿನಿಂದ.

ಡಿಪೊದ ಏಳನೇ ನಂಬರ್ ಆಂಬುಲೆನ್ಸಿನ ಕ್ಲಚ್ ಕೆಲಸ ಮುಗಿಸಿದೆ. ಗೇರ್‌ಬಾಕ್ಸ್ ಇಳಿಸಿ, ಸವೆದ ಕ್ಲಚ್ ಪ್ಲೇಟ್ ತೆಗೆದು ಹೊಸದು ಕೂರಿಸಿ, ಮೇಲೆ ಪ್ರೆಶರ್ ಪ್ಲೇಟ್ ಇಟ್ಟು ಆರು ಬೋಲ್ಟಿನಿಂದ ಬಿಗಿಯುವ ಕೆಲಸ. ಎರಡು ವರ್ಷದಿಂದ ಹೊಸ ನಿಯಮ: ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕುವಂತಿಲ್ಲ. ಒಮ್ಮೆ ಬಿಗಿದರೆ ಅವು ಎಳೆದುಕೊಂಡು ಉದ್ದವಾಗುತ್ತವಂತೆ, ಎರಡನೇ ಸಲ ಹಿಡಿತ ನಿಲ್ಲುವುದಿಲ್ಲವಂತೆ. ಕಣ್ಣಿಗೆ ಕಾಣದ ಉದ್ದ! ಮೂವತ್ತೊಂದು ವರ್ಷದಲ್ಲಿ ಹಳೇ ಬೋಲ್ಟಿನಲ್ಲೇ ನಾನು ಕೂರಿಸಿದ ಕ್ಲಚ್ ಒಂದೂ ಕಳಚಿಲ್ಲ. ಆದರೂ ನಿಯಮ ನಿಯಮವೇ. ಹೊಸದನ್ನೇ ಹಾಕಿದೆ. ಕೆಲಸದ ಚೀಟಿಯಲ್ಲಿ ‘ಬೋಲ್ಟ್ ಬದಲಾಯಿಸಿದೆ’ ಎಂದು ಬರೆದು ಸಹಿ ಮಾಡಿದೆ.

ನನ್ನ ಪದ್ಧತಿ ಡಿಪೊಗೆಲ್ಲ ಗೊತ್ತು. ಬಿಚ್ಚಿದ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ರಟ್ಟಿನಲ್ಲಿ ವೃತ್ತವಾಗಿ ಆರು ತೂತು ಮಾಡಿ, ಬಂದ ಕ್ರಮದಲ್ಲೇ ಚುಚ್ಚಿಡುತ್ತೇನೆ. ಮತ್ತೆ ಹಾಕುವ ಹಾಗಿಲ್ಲದಿದ್ದರೂ ತೊಳೆಯುತ್ತೇನೆ. ಕೊಳಕು ಬೋಲ್ಟನ್ನು ರಟ್ಟಿಗೆ ಚುಚ್ಚುವವನು ನಾನಲ್ಲ. ಇವತ್ತೂ ಹಾಗೇ ಮಾಡಿ ಕೈ ತೊಳೆಯಲು ಹೋದೆ. ಅಷ್ಟರಲ್ಲಿ ಎಡಗೈ ಉಗ್ರಾಣದಿಂದ ಹೊಸ ಬೋಲ್ಟಿನ ಪೊಟ್ಟಣ ತಂದು ಒಡೆದು, ಇನ್ನೊಂದು ರಟ್ಟಿಗೆ ಚುಚ್ಚಿ ಪಕ್ಕದಲ್ಲಿಟ್ಟಿದ್ದಳು.

ಎಡಗೈ ಎಂದರೆ ಆರು ತಿಂಗಳಿಂದ ನನ್ನ ಜೋಡಿಗೆ ಹಾಕಿರುವ ಮೆಕ್ಯಾನಿಕ್. ಎಲ್ಲ ಕೆಲಸವೂ ಎಡಗೈಯಲ್ಲಿ, ಅದಕ್ಕೇ ಆ ಹೆಸರು. ಮೂವತ್ತೈದರ ಹೆಂಗಸು, ಎರಡು ಮಕ್ಕಳ ತಾಯಿ, ಡಿಪ್ಲೊಮಾ ಬೇರೆ ಇದೆ. ಡಿಪ್ಲೊಮಾ ಇರುವವರಿಗೆ ಬೆರಳಿನ ಮೇಲೆ ನಂಬಿಕೆ ಇರುವುದಿಲ್ಲ. ಗೇರ್‌ಬಾಕ್ಸಿನಿಂದ ಹೊರಚಾಚುವ ದಂಡದ ಮೇಲಿನ ಉದ್ದುದ್ದ ಹಲ್ಲುಗಳಿಗೆ, ಸ್ಪ್ಲೈನಿಗೆ, ಗ್ರೀಸ್ ಹಚ್ಚಬೇಕು. ಕಡಿಮೆಯಾದರೆ ಕ್ಲಚ್ ಪ್ಲೇಟ್ ಅದರ ಮೇಲೆ ಜಾರದೆ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಸಿಡಿದು ಪ್ಲೇಟಿಗೆ ಅಂಟಿ ಕ್ಲಚ್ಚೇ ಜಾರುತ್ತದೆ. ನನ್ನ ತೋರುಬೆರಳಿಗೆ ಅಳತೆ ಗೊತ್ತು. ಅವಳು ಟೂತ್‌ಬ್ರಷ್ಷಿನಿಂದ ಒಂದೊಂದೇ ಹಲ್ಲಿಗೆ ಸವರಿ, ಪ್ಲೇಟನ್ನು ಮೂರು ಸಲ ಹಿಂದೆ ಮುಂದೆ ಜಾರಿಸಿ, ಹೊರಬಂದ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಾಳೆ.

“ಏನಮ್ಮಾ, ಗೇರ್‌ಬಾಕ್ಸಿಗೆ ಹಲ್ಲುಜ್ಜಿಸ್ತಾ ಇದೀಯಾ?” ಎಂದೆ.

“ಹೂಂ ದೊಡ್ಡಪ್ಪ. ಇದಕ್ಕೆ ಇಪ್ಪತ್ತಾರು ಹಲ್ಲಿದೆ. ನಿಮಗಿಂತ ಜಾಸ್ತಿ.”

ಡಿಪೊದಲ್ಲಿ ಎಲ್ಲರಿಗೂ ನಾನು ದೊಡ್ಡಪ್ಪನೇ. ಆದರೆ ಎಲ್ಲರೂ ಹೀಗೆ ಬಾಯಿ ಮಾಡುವುದಿಲ್ಲ.

ಆಮೇಲೆ ಇನ್ನೂ ಒಂದು. ನಾನು ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿದ ಮೇಲೆ ಅವಳು ಅಳತೆ ಸ್ಪ್ಯಾನರ್ ಹಿಡಿದು ಬಂದಳು. ಸರಿಯಾದ ಬಿಗಿ ಬಂದೊಡನೆ ಕಟಕ್ ಎನ್ನುವ ಸ್ಪ್ಯಾನರ್ ಅದು. ಮೊದಲ ಬೋಲ್ಟಿಗೇ ನಿಲ್ಲಿಸಿ ಕೇಳುತ್ತಾಳೆ, “ದೊಡ್ಡಪ್ಪ, ಇವು ಹೊಸದೇ ತಾನೇ?” ಮೈಯೆಲ್ಲ ಉರಿದುಹೋಯಿತು. “ಹೊಸದು ಯಾವುದು ಹಳೇದು ಯಾವುದು ಅಂತ ಈ ಕೈಗೆ ನೀನು ಹೇಳಿಕೊಡ್ತೀಯಾ? ಸುಮ್ನೆ ಬಿಗಿ ಮಾಡು” ಎಂದೆ. ಮಾಡಿದಳು. ಆರು ಸಲ ಕಟಕ್. ಪ್ರತಿ ಬೋಲ್ಟಿಗೂ ಹಳದಿ ಬಣ್ಣದ ಚುಕ್ಕಿ.

ಹಳೇ ಬೋಲ್ಟನ್ನು ಗುಜರಿ ಡ್ರಮ್ಮಿಗೆ ಹಾಕಲು ನನಗೆ ಮನಸ್ಸಾಗುವುದಿಲ್ಲ. ಉಳಿದ ರಟ್ಟನ್ನು ಎಂದಿನಂತೆ ಚೀಲಕ್ಕೆ ಹಾಕಿಕೊಂಡು ಬಂದೆ. ಮನೆಯ ಗೇಟು, ಕಪಾಟು, ಅಕ್ಕನ ಕುರ್ಚಿಯ ಕಾಲು ಎಲ್ಲ ಇಂಥ ಬೋಲ್ಟಿನ ಮೇಲೇ ನಿಂತಿವೆ. ಅಕ್ಕ ಬಚ್ಚಲಲ್ಲಿ ಎರಡು ಸಲ ಜಾರಿದ್ದಳು, ಮಂಡಿ ಸರಿಯಿಲ್ಲ. ಗೋಡೆಗೆ ಕಬ್ಬಿಣದ ಪಟ್ಟಿ ಹೋದ ವಾರವೇ ಹೂತಿದ್ದೆ. ಸಂಜೆ ಅದಕ್ಕೆ ಕೊಳವೆಯ ಹಿಡಿಕೆ ಕೂರಿಸಿದೆ, ಆ ಕಡೆ ಮೂರು, ಈ ಕಡೆ ಮೂರು ಬೋಲ್ಟು. ಏನು ಬೋಲ್ಟುಗಳು! ಬಣ್ಣ ಕಪ್ಪಾಗಿದೆ ಅಷ್ಟೇ, ಥ್ರೆಡ್ ಒಂದು ಕೂದಲೆಳೆಯಷ್ಟೂ ಸವೆದಿಲ್ಲ. ಸಡಿಲಾಗದಿರಲಿ ಎಂದು ಕಾರ್ಖಾನೆಯಲ್ಲೇ ತುದಿಗೆ ಹಚ್ಚುವ ನೀಲಿ ಅಂಟು ಕೂಡ ಹಾಗೇ ಇದೆ. ತಿರುಗಿಸುವಾಗ ಹೊಸ ಬೋಲ್ಟಿನಂತೆ ಹಿಡಿದು ಹಿಡಿದು ಒಳಗೆ ಹೋದವು. ಇಂಥದ್ದನ್ನು ಎಸೆಯಿರಿ ಎನ್ನುತ್ತಾರಲ್ಲ, ಇವರ ತಲೆಗಿಷ್ಟು!

ಮಾರ್ಚ್ ೪, ಮಂಗಳವಾರ

ಬಿಪಿ ೧೪೮/೯೦.

ಅಕ್ಕ ಹಿಡಿಕೆಗೆ ಜೋತುಬಿದ್ದು ಪರೀಕ್ಷೆ ಮಾಡಿದಳು. “ಗೋಡೆ ಬಿದ್ರೂ ಇದು ಬೀಳಲ್ಲ ಕಣೋ” ಎಂದಳು. ಇಡೀ ವಾರಕ್ಕೆ ಇಷ್ಟು ಹೊಗಳಿಕೆ ಸಾಕು.

ಮಾರ್ಚ್ ೧೧, ಮಂಗಳವಾರ

ಬಿಪಿ ೧೭೨/೧೦೪. ಅಕ್ಕ ಎರಡು ಸಲ ನೋಡಿದಳು.

ಏಳನೇ ನಂಬರ್ ಇವತ್ತು ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಇಳಿಜಾರಿನಲ್ಲಿ ಗೋಡೆಗೆ ಗುದ್ದಿತು. ರೋಗಿಯನ್ನು ಇಳಿಸಿ ಖಾಲಿ ಮರಳುತ್ತಿತ್ತು. ಕ್ಲಚ್ಚಿನ ಒಳಗೆ ಪ್ರೆಶರ್ ಪ್ಲೇಟ್ ಕಳಚಿ ಬಡಿದಾಡಿದೆ. ಪೆಡಲ್ ತಿರುಗಿ ಒದ್ದ ಏಟಿಗೆ ಡ್ರೈವರನ ಪಾದದ ಗಂಟು ಮುರಿದಿದೆ. ಡ್ರೈವರ್ ಅಂದರೆ ನಮ್ಮ ಸಿಳ್ಳೆ. ಹಾರ್ನ್ ಒತ್ತುವ ಬದಲು ಸಿಳ್ಳೆ ಹಾಕುವವನು, ಹದಿನೈದು ವರ್ಷದ ಗೆಳೆಯ.

ಗಾಡಿ ಎಳೆದು ತಂದಾಗ ನಾನೇ ಕೆಳಗೆ ಮಲಗಿ ಬೆಳಕು ಬಿಟ್ಟು ನೋಡಿದೆ. ಆರು ಬೋಲ್ಟೂ ಕತ್ತರಿಸಿದ ಹಾಗೆ ಮುರಿದಿವೆ. ತಲೆಗಳು ಜಜ್ಜಿ, ಕ್ಲಚ್ಚಿನ ಕರಿ ಧೂಳು ಮೆತ್ತಿಕೊಂಡು ಗುರುತೇ ಸಿಗುವ ಹಾಗಿಲ್ಲ.

ಹೊಸ ಬೋಲ್ಟ್ ಎಂಟು ದಿನಕ್ಕೆ ತಾನಾಗಿ ಮುರಿಯುವುದಿಲ್ಲ. ಅತಿಯಾಗಿ ಬಿಗಿದರೆ ಮುರಿಯುತ್ತದೆ. ಬಿಗಿದದ್ದು ಯಾರು? ಹಳದಿ ಚುಕ್ಕಿ ಯಾರದ್ದು? ಕಟಕ್ ಎನ್ನುವ ಸ್ಪ್ಯಾನರನ್ನು ದೇವರೆಂದು ನಂಬಿದರೆ ಹೀಗೇ.

“ಒಳಗೆ ರೋಗಿ ಇದ್ದಿದ್ರೆ?” ಎಂದು ಕೇಳಿದಳು ಅಕ್ಕ. ನನ್ನನ್ನೇ ನೋಡಿಕೊಂಡು ಕೇಳಿದಳು. ನನ್ನನ್ನು ಯಾಕೆ ಕೇಳಬೇಕು?

ಮಾರ್ಚ್ ೧೨, ಬುಧವಾರ

ಸಿಳ್ಳೆಯನ್ನು ನೋಡಿಬಂದೆ. ವಾರ್ಡಿನಲ್ಲಿ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿಸಿದ್ದಾರೆ.

“ನಿನ್ನ ಕ್ಲಚ್ಚು ನನ್ನ ಕಾಲು ತಿಂತಲ್ಲೋ ದೊಡ್ಡಪ್ಪಾ.”

“ನನ್ನದಲ್ಲ ಮಾರಾಯ. ಬಿಗಿ ಮಾಡಿದ್ದು ಬೇರೆಯವರು.”

“ಯಾರಾದ್ರೂ ಆಗ್ಲಿ. ಮತ್ತೆ ಓಡಿಸೋಕಾಗತ್ತಾ ಅಂತ ಡಾಕ್ಟರನ್ನ ಕೇಳಿದ್ರೆ ‘ನೋಡೋಣ’ ಅಂತಾರೆ. ನೋಡೋಣ ಅಂದ್ರೆ ಏನರ್ಥ, ನಿಮ್ಮಕ್ಕನ್ನ ಕೇಳು.”

ಅಕ್ಕನನ್ನು ಕೇಳಲಿಲ್ಲ. ಅವಳು ಹೇಳುವುದು ನನಗೆ ಗೊತ್ತು.

ಮಾರ್ಚ್ ೧೩, ಗುರುವಾರ

ಬಿಪಿ ೧೭೦/೧೦೦.

ವಿಚಾರಣೆ. ಕಚೇರಿಯ ಕೋಣೆಯಲ್ಲಿ ಫೋರ್‌ಮನ್, ಮತ್ತೆ ಹೊರಗಿನಿಂದ ಬಂದ ತಪಾಸಣೆ ಎಂಜಿನಿಯರ್. ಮೇಜಿನ ಮೇಲೆ ಮುರಿದ ಬೋಲ್ಟುಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಎಡಗೈ ಎದುರಿಗೆ ಕೂತಿದ್ದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೋಲ್ಟ್ ಹೊಸದು, ನಾನೇ ಕೈಯಾರೆ ಹಾಕಿದ್ದು, ಸಹಿ ನನ್ನದು. ಬಿಗಿ ಮಾಡಿದ್ದು ಅವಳು.

ಅವಳು ಮೆಲ್ಲಗೆ ಹೇಳಿದಳು, “ಬಿಗಿ ಮಾಡೋ ಮುಂಚೆ ಹೊಸದೇ ತಾನೇ ಅಂತ ದೊಡ್ಡಪ್ಪನ್ನ ಕೇಳಿದ್ದೆ ಸರ್. ನನಗೆ ಅನುಮಾನ ಬಂದಿತ್ತು.”

ಎಂಥ ಮಾತು! ಎಂಜಿನಿಯರ್ ನನ್ನ ಕಡೆ ತಿರುಗಿದರು. “ನನ್ನನ್ನ ಯಾರೂ ಏನೂ ಕೇಳಿಲ್ಲ” ಎಂದೆ. ಕೇಳಿದ್ದರೆ ನೆನಪಿರುತ್ತಿರಲಿಲ್ಲವೇ? ಸಿಕ್ಕಿಬಿದ್ದ ಮೇಲೆ ಬಾಯಿಗೆ ಬಂದದ್ದನ್ನು ಹೇಳುವುದು, ಅದೂ ಮುಖಕ್ಕೆ ಮುಖ ಕೊಟ್ಟು!

ಬೋಲ್ಟುಗಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರಂತೆ. ಅಲ್ಲಿಯವರೆಗೆ ಅವಳು ಕೆಲಸಕ್ಕೆ ಬರುವ ಹಾಗಿಲ್ಲ. ಹೊರಗೆ ಬರುವಾಗ ಬಾಗಿಲ ಹತ್ತಿರ ನಿಂತು, “ದೊಡ್ಡಪ್ಪ, ಒಂದ್ಸಲ ನೆನಪು ಮಾಡ್ಕೊಳ್ಳಿ” ಎಂದಳು. ಕೈಯಲ್ಲಿ ಶಾಲೆ ಮಕ್ಕಳ ಹಾಗೆ ಊಟದ ಡಬ್ಬಿ ಹಿಡಿದುಕೊಂಡಿದ್ದಳು. ಅವಳನ್ನು ದಾಟಿಕೊಂಡು ಹೋದೆ.

ಮಾರ್ಚ್ ೧೪, ಶುಕ್ರವಾರ

ಬಿಪಿ ೧೬೮/೧೦೦.

ಏಳನೇ ನಂಬರಿನ ಗೇರ್‌ಬಾಕ್ಸ್ ಇಳಿಸಿದೆ. ಸ್ಪ್ಲೈನ್ ನೋಡಿದೆ. ತಪ್ಪು ಸಿಗಲಿ ಎಂದೇ ನೋಡಿದೆ, ಬರೆಯುವುದಕ್ಕೇನು ನಾಚಿಕೆ. ಇಪ್ಪತ್ತಾರು ಹಲ್ಲಿಗೂ ಒಂದೇ ಸಮ, ಎಲೆಯ ಮೇಲಿನ ಇಬ್ಬನಿಯಷ್ಟು ಗ್ರೀಸ್. ಸಿಡಿದದ್ದಿಲ್ಲ, ಒಣಗಿದ್ದಿಲ್ಲ. ಇಷ್ಟೆಲ್ಲ ಬಡಿದಾಟದಲ್ಲೂ ಅದು ಮಾತ್ರ ಹಾಗೇ ಇದೆ.

ಒಂದು ಕೆಲಸ ಸರಿಯಾಗಿ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿ ಎಂದೇನಿಲ್ಲ.

ಮಾರ್ಚ್ ೧೮, ಮಂಗಳವಾರ

ಬಿಪಿ ೧೬೨/೯೮.

ಒಬ್ಬನೇ ಎರಡು ಜನರ ಕೆಲಸ ಮಾಡುತ್ತಿದ್ದೇನೆ. ಮೂರನೇ ನಂಬರಿನ ಕ್ಲಚ್. ಗ್ರೀಸ್ ಹಚ್ಚುವಾಗ ಬೆರಳು ದಂಡದ ಬುಡಕ್ಕೆ ಹೋಗದೆ, ಅಲ್ಲೇ ಬಿದ್ದಿದ್ದ ಅವಳ ಬ್ರಷ್ಷಿನಿಂದ ಹಚ್ಚಿದೆ. ಬ್ರಷ್ ಇದ್ದ ಮೇಲೆ ಬಳಸುವುದರಲ್ಲಿ ತಪ್ಪೇನಿಲ್ಲ. ಪ್ಲೇಟನ್ನು ಮೂರು ಸಲ ಜಾರಿಸಿ ಒರೆಸಿದೆ. ಬಿಗಿ ಮಾಡಲು ಅಳತೆ ಸ್ಪ್ಯಾನರ್ ತೆಗೆದುಕೊಂಡೆ, ವಿಚಾರಣೆ ನಡೆಯುತ್ತಿರುವಾಗ ಯಾರೂ ಬೆರಳು ತೋರಿಸಬಾರದಲ್ಲ. ಕಟಕ್ ಶಬ್ದ ಅಷ್ಟೇನೂ ಕೆಟ್ಟದಾಗಿಲ್ಲ.

ಮಧ್ಯಾಹ್ನ “ಏನಮ್ಮಾ, ಅದು ಕೊಡು” ಎಂದು ಖಾಲಿ ಜಾಗಕ್ಕೆ ಕೈ ಚಾಚಿದೆನಂತೆ. ಟೈರಿನವನು ನೋಡಿ ನಗುತ್ತಿದ್ದ. ಇವನಿಗೆ ಬೇರೆ ಕೆಲಸವಿಲ್ಲ.

ಮಾರ್ಚ್ ೨೦, ಗುರುವಾರ

ಬಿಪಿ ೧೮೦/೧೦೮. ಅಕ್ಕ ಮಾತ್ರೆ ಹೆಚ್ಚಿಸಿದಳು.

ಪ್ರಯೋಗಾಲಯದ ವರದಿ ಬಂತು. ಮುರಿದ ಆರೂ ಬೋಲ್ಟು ಹಳೆಯವಂತೆ! ಒಮ್ಮೆ ಬಿಗಿದು ಬಿಚ್ಚಿ, ಮತ್ತೆ ಬಿಗಿದದ್ದಂತೆ. ಧೂಳು ತೊಳೆದ ಮೇಲೆ ಬೆಳ್ಳಗಿನ ಲೇಪ ಕಂಡಿದೆ. ಉಗ್ರಾಣದಲ್ಲಿ ಈ ವರ್ಷ ಬಂದ ಹೊಸ ಬೋಲ್ಟುಗಳೆಲ್ಲ ಕಪ್ಪು ಲೇಪದವಂತೆ.

ನೆತ್ತಿಗೇರಿತು. ನೇರ ಉಗ್ರಾಣಕ್ಕೆ ಹೋದೆ. “ಕಪ್ಪು ಬಂದಿದೆ ಅಂತ ಒಂದು ಮಾತು ಹೇಳೋದಲ್ವೇನಯ್ಯಾ?”

ಉಗ್ರಾಣದವನು ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ, “ಗೋಡೆ ಮೇಲೆ ಎರಡು ತಿಂಗಳಿಂದ ಅಂಟಿಸಿದೀನಿ. ಓದೋರು ಓದಿದಾರೆ. ಎಡಗೈ ಓದಿದಾಳೆ” ಎಂದ.

“ಹಾಗಾದ್ರೆ ನೀನು ಪೊಟ್ಟಣದಲ್ಲಿ ಹಳೇದು ತುಂಬಿ ಕೊಟ್ಟಿದೀಯ.”

“ಸೀಲ್ ಒಡೆಯದ ಪೊಟ್ಟಣ ದೊಡ್ಡಪ್ಪ. ರಿಟೈರಾಗೋಕೆ ಎಂಟು ತಿಂಗಳಿದೆ, ಅಷ್ಟರೊಳಗೆ ಒಂದ್ಸಲ ಕನ್ನಡಕ ಬದಲಾಯಿಸ್ಕೊಳ್ಳಿ.”

ಅವನ ಮೂತಿಗೆ ಗ್ರೀಸ್ ಬಳಿಯಬೇಕೆನಿಸಿತು.

ಹಾಗಾದರೆ ಉಳಿಯುವುದು ಒಂದೇ. ಪೊಟ್ಟಣ ತಂದವಳು ಅವಳು, ಒಡೆದವಳು ಅವಳು, ರಟ್ಟಿಗೆ ಚುಚ್ಚಿದವಳು ಅವಳು. ಹೊಸದನ್ನು ಎಲ್ಲೋ ಸಾಗಿಸಿ ಯಾವುದೋ ಹಳೆಯದನ್ನು ನನ್ನ ಮುಂದಿಟ್ಟಿದ್ದಾಳೆ. ಫೋರ್‌ಮನ್ ಕೇಳಿದ, ಹಾಗೇ ಹೇಳಿದೆ. ಮಂಗಳವಾರ ಕಡೆಯ ವಿಚಾರಣೆ. ಅವಳನ್ನು ತೆಗೆದುಹಾಕುವುದು ಖಂಡಿತ ಎಂದ. ತೆಗೆಯಲಿ. ಕಳ್ಳತನಕ್ಕೆ ಸಿಳ್ಳೆಯ ಕಾಲು ಬಲಿಯಾಯಿತಲ್ಲ!

ಮಾರ್ಚ್ ೨೧, ಶುಕ್ರವಾರ

ಬಿಪಿ ೧೭೬/೧೦೪.

ಊಟದ ಹೊತ್ತಿಗೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ಪಕ್ಕಕ್ಕೆ ಸರಿಸಿ ತನ್ನ ಥಿಯೇಟರಿನ ಪುರಾಣ ತೆಗೆದಳು.

“ಹೊಟ್ಟೆ ಮುಚ್ಚೋ ಮುಂಚೆ ನಾವು ಎಣಿಸ್ತಿದ್ವಿ. ಕತ್ತರಿ ಎಷ್ಟು, ಬಟ್ಟೆ ಎಷ್ಟು, ಹತ್ತಿ ಎಷ್ಟು. ಒಂದು ಕಡಿಮೆ ಬಂದ್ರೂ ಮುಚ್ಚೋ ಹಾಗಿಲ್ಲ. ದೊಡ್ಡ ಡಾಕ್ಟರು ಕಿರುಚಾಡ್ತಿದ್ರು, ನಾನು ‘ಇನ್ನೊಂದ್ಸಲ ಎಣಿಸ್ತೀನಿ ಸರ್’ ಅಂತ ನಿಂತಿರ್ತಿದ್ದೆ.”

“ಇದು ಹೊಟ್ಟೆ ಅಲ್ಲ ಅಕ್ಕ, ಕ್ಲಚ್ಚು.”

“ಸರಿ, ನಿನ್ನ ಕ್ಲಚ್ಚನ್ನೇ ಎಣಿಸೋಣ. ಗಾಡಿಯಿಂದ ಬಿಚ್ಚಿದ್ದು ಎಷ್ಟು?”

“ಆರು.”

“ಪೊಟ್ಟಣದಲ್ಲಿ ಬಂದಿದ್ದು?”

“ಆರು.”

“ಹನ್ನೆರಡಾಯ್ತು. ಗಾಡಿಯೊಳಗೆ ಮುರಿದಿದ್ದು ಆರು ಹಳೇದು. ಆ ಹೆಂಗಸು ಕದ್ದಿದ್ದು ಆರು ಹೊಸದು. ಲೆಕ್ಕ ಮುಗೀತು.”

“ಅದನ್ನೇ ತಾನೇ ನಾನೂ ಹೇಳ್ತಿರೋದು!”

“ಹಾಗಾದ್ರೆ ನೀನು ಅವತ್ತು ಮನೆಗೆ ತಂದಿದ್ದು ಹದಿಮೂರನೇದರಿಂದ ಹದಿನೆಂಟನೇದಾ?”

ಅವಳಿಗೆ ವಯಸ್ಸಾಯಿತು. ಯಂತ್ರದ ವಿಷಯ ಏನು ಗೊತ್ತು? ಊಟ ಬಿಟ್ಟು ಎದ್ದೆ.

ಮಾರ್ಚ್ ೨೨, ಶನಿವಾರ

ಬಿಪಿ ನೋಡಲಿಲ್ಲ. ಮೈ ಸರಿಯಿಲ್ಲ. ಸ್ನಾನ ಮಾಡಲಿಲ್ಲ.

ಮಾರ್ಚ್ ೨೩, ಭಾನುವಾರ

ಅಕ್ಕ ಮಾರುಕಟ್ಟೆಗೆ ಹೋಗಿದ್ದಾಗ ಬಚ್ಚಲಿಗೆ ಹೋಗಿ ನೋಡಿದೆ.

ಕಪ್ಪು. ಆರೂ ಕಪ್ಪು.

ಕೋಣೆಗೆ ಬಂದು ಈ ಪುಸ್ತಕದ ಮೊದಲ ಪುಟ ತೆಗೆದೆ. ‘ಬಣ್ಣ ಕಪ್ಪಾಗಿದೆ ಅಷ್ಟೇ’ ಎಂದಿದೆ. ನೀಲಿ ಅಂಟು ಎಂದಿದೆ. ‘ದೊಡ್ಡಪ್ಪ, ಇವು ಹೊಸದೇ ತಾನೇ?’ ಎಂದೂ ಇದೆ. ನನ್ನದೇ ಅಕ್ಷರ. ನಾನು ಕೊಟ್ಟ ಉತ್ತರವೂ ಇದೆ.

ಹಳೆಯದನ್ನು ನಾನೇ ತೊಳೆದು ಹೊಳೆಯುವಂತೆ ಮಾಡಿದ್ದೆ. ಕೈ ತೊಳೆದು ಬಂದಾಗ ಎರಡು ರಟ್ಟು ಇದ್ದವು, ಒಂದರಲ್ಲಿ ಹೊಳೆಯುವುದು, ಇನ್ನೊಂದರಲ್ಲಿ ಕಪ್ಪು. ಹೊಳೆಯುವುದೇ ಹೊಸದೆಂದು ತೆಗೆದುಕೊಂಡೆ. ಕೊಳಕು ಬೋಲ್ಟನ್ನು ರಟ್ಟಿಗೆ ಚುಚ್ಚುವವನು ನಾನಲ್ಲವಲ್ಲ. ಹಾಗೇ ಚುಚ್ಚಿದ್ದರೆ ಮಗುವಿಗೂ ಗೊತ್ತಾಗುತ್ತಿತ್ತು.

ಮೊದಲ ಪುಟ ಹರಿದುಹಾಕಬೇಕೆನಿಸಿತು. ಹರಿದರೆ ಅವತ್ತಿನ ಬಿಪಿ ಹೋಗುತ್ತದೆ.

ಮಾರ್ಚ್ ೨೪, ಸೋಮವಾರ

ಬಿಪಿ ೧೭೮/೧೦೬.

ಬೋಲ್ಟಿಗೆ ಕಪ್ಪು ಬಳಿಯಿರಿ ಎಂದು ಯಾವ ಮಹಾನುಭಾವ ಹೇಳಿದನೋ! ಮೂವತ್ತೊಂದು ವರ್ಷ ಹೊಸದೆಂದರೆ ಹೊಳೆಯುತ್ತಿತ್ತು, ಹಳೆಯದೆಂದರೆ ಕಪ್ಪಗಿರುತ್ತಿತ್ತು. ಗೋಡೆಯ ಮೇಲೆ ಚೀಟಿ ಅಂಟಿಸಿದರಂತೆ. ಗೋಡೆ ತುಂಬ ಚೀಟಿ ಅಂಟಿಸುತ್ತಾರೆ, ಯಾವನು ಓದುತ್ತಾನೆ? ಅವಳಾದರೂ ಗಟ್ಟಿಯಾಗಿ ಹೇಳಬಾರದಿತ್ತೇ? ‘ಹೊಸದೇ ತಾನೇ’ ಎಂದು ಕೇಳುವ ಬದಲು ‘ಇದು ಹಳೇದು’ ಎನ್ನಬಹುದಿತ್ತು. ಅಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಅದನ್ನು ಇಲ್ಲಿ ಬರೆಯುವುದು ಬೇಡ.

ಎಂಟು ತಿಂಗಳು. ಎಂಟು ತಿಂಗಳು ಸುಮ್ಮನಿದ್ದರೆ ಎಲ್ಲರೂ ಸೇರಿ ಹಾರ ಹಾಕಿ ಕಳಿಸುತ್ತಾರೆ. ಹಿಡಿಕೆ ಇರುವುದು ನಮ್ಮ ಬಚ್ಚಲಲ್ಲಿ. ಎಂಜಿನಿಯರ್ ನಮ್ಮ ಮನೆಗೆ ಸ್ನಾನಕ್ಕೆ ಬರುವುದಿಲ್ಲ.

ಡಿಪೊದಿಂದ ಬಂದಾಗ ಅಕ್ಕ ಅಡುಗೆಮನೆಯ ಸ್ಟೂಲನ್ನು ಎಳೆದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು.

“ಅದ್ಯಾಕೆ?” ಎಂದೆ.

“ಹಿಡಿಕೆ ಇಲ್ಲದೇ ನಿಂತು ಸ್ನಾನ ಮಾಡೋಕಾಗಲ್ಲ ನಂಗೆ. ಕೂತ್ಕೊಂಡು ಮಾಡ್ತೀನಿ.”

“ಹಿಡಿಕೆ ಬಿಚ್ತೀನಿ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲಪ್ಪ. ಬೆಳಿಗ್ಗೆಯಿಂದ ಬಕೆಟ್ಟಿನ ಪಕ್ಕ ಸ್ಪ್ಯಾನರ್ ಇದೆ. ನಾನಂತೂ ಇಟ್ಟಿಲ್ಲ.”

ನಾನು ಇಟ್ಟದ್ದು ನನಗೆ ನೆನಪಿಲ್ಲ. ನಿಜವಾಗಿ ನೆನಪಿಲ್ಲ. ಈಚೆಗೆ ಹಾಗೆ ಬರೆಯಲೂ ಹೆದರಿಕೆಯಾಗುತ್ತದೆ.

ಬಿಚ್ಚಿದೆ. ನೀಲಿ ಅಂಟು ಹಿಡಿದಿತ್ತು, ಒಂದೊಂದೂ ಕಿರುಗುಟ್ಟಿಕೊಂಡೇ ಹೊರಬಂತು. ತೊಳೆಯಲಿಲ್ಲ. ಹಾಗೇ ರಟ್ಟಿಗೆ ಚುಚ್ಚಿದೆ.

ಮಾರ್ಚ್ ೨೫, ಮಂಗಳವಾರ

ಅದೇ ಕೋಣೆ. ಎಡಗೈ ಸೀರೆಯುಟ್ಟು ಬಂದಿದ್ದಳು. ಡಿಪೊದಲ್ಲಿ ಅವಳನ್ನು ಅಂಗಿ ಪ್ಯಾಂಟಿನಲ್ಲಲ್ಲದೆ ನೋಡಿರಲಿಲ್ಲ. ಕಾಗದಕ್ಕೆ ಸಹಿ ಹಾಕಲು ಪೆನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು.

ರಟ್ಟನ್ನು ಮೇಜಿನ ಮೇಲಿಟ್ಟೆ. “ಇವು ಆ ಪೊಟ್ಟಣದ ಹೊಸ ಬೋಲ್ಟು. ನಮ್ಮನೆ ಬಚ್ಚಲಲ್ಲಿದ್ವು. ಹಳೇದನ್ನ ಗಾಡಿಗೆ ಹಾಕಿ ಇವನ್ನ ಮನೆಗೆ ತಗೊಂಡು ಹೋದವನು ನಾನು.”

ಎಂಜಿನಿಯರ್ ಒಂದು ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಫೋರ್‌ಮನ್, “ದೊಡ್ಡಪ್ಪ, ಕೂತ್ಕೊಳ್ಳಿ, ನೀರು ಕುಡೀರ?” ಎಂದ. ನನಗೇನೋ ತಲೆಕೆಟ್ಟಿದೆ ಎಂಬಂತೆ.

“ನೀರು ಬೇಡ. ಇನ್ನೂ ಇದೆ” ಎಂದು ಈ ಪುಸ್ತಕ ತೆಗೆದು ಮೊದಲ ಪುಟ ಗಟ್ಟಿಯಾಗಿ ಓದಿದೆ. ಹಲ್ಲುಜ್ಜಿಸುವ ಮಾತು ಬಂದಾಗ ಎಂಜಿನಿಯರ್ ಕೆಮ್ಮಿದರು. ಅವಳು ಕೇಳಿದ ಪ್ರಶ್ನೆ ಓದಿದೆ. ನನ್ನ ಉತ್ತರ ಓದುವಾಗ ಕನ್ನಡಕಕ್ಕೆ ಮಂಜು ಬಂದು ಒಂದು ಸಾಲು ಬಿಟ್ಟುಹೋಯಿತು. ಹಿಂದೆ ಹೋಗಿ ಅದನ್ನೂ ಓದಿದೆ.

ಹೊರಗೆ ಓಣಿಯಲ್ಲಿ ಅವಳು ನನಗಾಗಿ ನಿಂತಿದ್ದಳು. ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆ ಎಂದುಕೊಂಡೆ. ಮನುಷ್ಯನ ಆಸೆಗೆ ಮಿತಿಯಿಲ್ಲ.

“ಬೋಲ್ಟ್ ಅದಲು ಬದಲಾಗಿದ್ದಕ್ಕೆ ನಂಗೆ ಸಿಟ್ಟಿಲ್ಲ ಸರ್. ಕೈತಪ್ಪು ಯಾರಿಗಾದ್ರೂ ಆಗತ್ತೆ. ಕಳ್ಳಿ ಅಂದ್ರಿ, ಅದನ್ನೂ ಬಿಡ್ತೀನಿ. ನಾನು ಕೇಳೇ ಇಲ್ಲ ಅಂದ್ರಲ್ಲ. ಮನೇಲಿ ಕೂತು ಹನ್ನೆರಡು ದಿನ ನಾನೇ ಯೋಚನೆ ಮಾಡಿದೀನಿ, ನಿಜವಾಗ್ಲೂ ಕೇಳಿದ್ನಾ, ಇಲ್ವಾ ಅಂತ.”

ಸರ್ ಎಂದಳು. ಅವಳು ನನ್ನನ್ನು ಸರ್ ಎಂದದ್ದು ಇದೇ ಮೊದಲು. ಹೋಗುವಾಗ ಊಟದ ಡಬ್ಬಿ ಮಾತ್ರ ಹಾಗೇ ಹಿಡಿದಿದ್ದಳು, ಸೀರೆಗೆ ತಾಗದಂತೆ ದೂರಕ್ಕೆ.

ಎಲ್ಲರ ಮೇಲೂ ಕೋಪ ಬಂತು. ಎಣಿಸುತ್ತಾ ಹೋದರೆ ಕಡೆಗೆ ಒಬ್ಬನೇ ಉಳಿದ.

ಮಾರ್ಚ್ ೨೭, ಗುರುವಾರ

ಸಿಳ್ಳೆಗೆ ಹೇಳಿದೆ. ಅವನು ಗೋಡೆ ಕಡೆ ತಿರುಗಿ ಮಲಗಿದ. ಒಂದು ಗಂಟೆ ಕೂತಿದ್ದೆ. ಎದ್ದು ಬರುವಾಗ ತಿರುಗದೆಯೇ, “ನಾಳೆ ಬರ್ತಾ ನಿನ್ನ ನೀಲಿ ಶಾಲು ತಗೊಂಡು ಬಾ, ಇಲ್ಲಿ ಚಳಿ” ಎಂದ.

ಮಾರ್ಚ್ ೩೧, ಸೋಮವಾರ

ಬಿಪಿ ೧೪೪/೮೮.

ಆದೇಶ ಬಂತು. ರಿಟೈರಾಗುವವರೆಗೆ ನಾನು ಕ್ಲಚ್ ಮುಟ್ಟುವಂತಿಲ್ಲ. ತೊಳೆಯುವ ಮೇಜಿಗೆ ಹಾಕಿದ್ದಾರೆ. ತೊಳೆಯುವುದನ್ನು ಶಿಕ್ಷೆ ಎಂದುಕೊಂಡವರು ಸರಿಯಾಗಿ ತೊಳೆದೇ ಇಲ್ಲ.

ನನ್ನ ಜಾಗಕ್ಕೆ ಎಡಗೈ ಬಂದಿದ್ದಾಳೆ. ಏಳನೇ ನಂಬರಿಗೆ ಹೊಸ ಕ್ಲಚ್ ಹಾಕುತ್ತಿದ್ದಾಳೆ. ಹತ್ತು ಗಂಟೆಗೆ ಬಂದು ನನ್ನ ಮುಂದೆ ಒಂದು ತಗಡಿನ ಡಬ್ಬಿ ಇಟ್ಟಳು. “ಇನ್ಮೇಲೆ ಬಿಚ್ಚಿದ ಬೋಲ್ಟ್ ತೊಳೆಯೋ ಹಾಗಿಲ್ಲ ಸರ್. ನೇರ ಇದರೊಳಗೆ. ಹೊಸದನ್ನ ನಾನು ಗಾಡಿಗೆ ಹಾಕೋಕೆ ಮುಂಚೆ ನೀವು ಹಳೇದನ್ನ ಗಟ್ಟಿಯಾಗಿ ಎಣಿಸ್ಬೇಕು.”

“ಒಂದನೇ ಕ್ಲಾಸ್ ಹುಡುಗನ ಹಾಗಾ?”

“ಹೂಂ. ಹಾಗೇ.”

ಟೈರಿನವನು, ಉಗ್ರಾಣದವನು, ಎಲ್ಲರ ಎದುರಿಗೆ. ಮೂವತ್ತೊಂದು ವರ್ಷದ ಸರ್ವಿಸಿನ ಮನುಷ್ಯ ಒಂದು, ಎರಡು ಎಂದು ಎಣಿಸಬೇಕು! ಎಣಿಸಿದೆ. ಆರಕ್ಕೆ ನಿಲ್ಲಿಸಿದೆ. ಆಮೇಲೆ ಯಾಕೋ ಖಾತ್ರಿಯಾಗದೆ, ಅವಳು ಹೇಳದಿದ್ದರೂ ಇನ್ನೊಂದು ಸಲ ಎಣಿಸಿದೆ.

ಏಪ್ರಿಲ್ ೨, ಬುಧವಾರ

ಬಿಪಿ ೧೩೮/೮೪. ಅಕ್ಕ ಯಂತ್ರ ಕೆಟ್ಟಿದೆಯೇನೋ ಎಂದು ತನ್ನ ಕೈಗೆ ಕಟ್ಟಿ ನೋಡಿಕೊಂಡಳು.

ಆ ಆರು ಬೋಲ್ಟು ಸಾಕ್ಷಿ ಎಂದು ಕಚೇರಿಯ ಕಪಾಟಿನಲ್ಲಿವೆ. ಅಕ್ಕ ಒಂಬತ್ತು ದಿನದಿಂದ ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುತ್ತಿದ್ದಾಳೆ. ಗುಜರಿ ಡ್ರಮ್ಮಿನಲ್ಲಿ ಬೇಕಾದಷ್ಟಿವೆ, ಕೈ ಹಾಕಲಾಗಲಿಲ್ಲ. ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗಿ ಕೊಂಡೆ. ಜೀವಮಾನದಲ್ಲಿ ನಾನು ಬೋಲ್ಟ್ ಕೊಂಡದ್ದು ಇದೇ ಮೊದಲು. ಏನು ದರಿದ್ರ ಥ್ರೆಡ್ಡುಗಳು! ಹತ್ತು ಪೊಟ್ಟಣ ಒಡೆಸಿ ಆರು ಆರಿಸಿದೆ. ಅಂಗಡಿಯವನು, “ಬಚ್ಚಲಿನ ಹಿಡಿಕೆಗೆ ಇಷ್ಟು ನೋಡ್ತಾರಾ ಯಜಮಾನ್ರೇ?” ಎಂದ. ನೋಡುತ್ತಾರೆ.

ಅದಕ್ಕೂ ಮೊದಲು ಡಿಪೊದಲ್ಲಿ ಎಡಗೈ ಹತ್ತಿರ ಅಳತೆ ಸ್ಪ್ಯಾನರ್ ಕೇಳಿದ್ದೆ.

“ಯಾವ ಗಾಡಿಗೆ?”

“ನಮ್ಮಕ್ಕನಿಗೆ.”

ಅವಳು ನಗಲಿಲ್ಲ. ಸ್ಪ್ಯಾನರಿನ ಹಿಡಿಯನ್ನು ತಿರುಗಿಸಿ ತಿರುಗಿಸಿ ಒಂದು ಸಂಖ್ಯೆಗೆ ನಿಲ್ಲಿಸಿ ಕೊಟ್ಟಳು. “ಗೋಡೆಗೆ ಇಷ್ಟು ಸಾಕು. ನಾಳೆ ಎಂಟಕ್ಕೆ ವಾಪಸ್ ಬೇಕು ಸರ್.”

ಸಂಜೆ ಕೂರಿಸಿದೆ. ಆರು ಸಲ ಕಟಕ್. ಅಕ್ಕ ಬಾಗಿಲಲ್ಲಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕಾಯುತ್ತಿದ್ದಳು. ಹಿಡಿಕೆಗೆ ಕೈ ಹಾಕುವ ಮೊದಲು ಕೇಳಿದಳು, “ಎಣಿಸಿದ್ಯಾ?”

“ಆರು.”

“ಉಳಿದಿದ್ದು?”

ಜೇಬು ಎರಡನ್ನೂ ಹೊರಗೆಳೆದು ತೋರಿಸಿದೆ. ಅವಳು ನೋಡಿದಳು. ಆಮೇಲೆ ಹಿಡಿಕೆ ಹಿಡಿದು, ಮೈಭಾರವೆಲ್ಲ ಅದರ ಮೇಲೆ ಬಿಟ್ಟು ಒಳಗೆ ಕಾಲಿಟ್ಟಳು.